ಹೆಸರಿಡದ ಬಿಂದು

ಬೆಳಗಿನ ಜಾವ ಮೂರೂವರೆಗೆ ಭಟ್ಟಿ ಹೊತ್ತಿಸುತ್ತಾರೆ.
ನನ್ನ ರೂಮಿನ ಹಿಂಗೋಡೆ ಮೊದಲು ಬೆಚ್ಚಗಾಗುತ್ತದೆ,
ಆಮೇಲೆ ಸದ್ದು.
ಕಾದ ಮರಳಿಗೆ ಅಕ್ಕಿ ಸುರಿದರೆ
ಚಟಪಟ ಅನ್ನುತ್ತದೆ ಅಂತಾರೆ ಎಲ್ಲರೂ. ಅಲ್ಲ,
ತೆರೆ ಹಿಂದೆ ಸರಿಯುವಾಗ ಚಿಪ್ಪಿಗೆ ಚಿಪ್ಪು ತಾಗುವ ಸದ್ದು ಅದು.
ಮೊದಲ ವಾರ ಇದನ್ನು ಮೈಲಾರಪ್ಪನಿಗೆ ಹೇಳಿ ಕೆಟ್ಟೆ,
ಇಡೀ ಸೆಕ್ಷನ್ನಿಗೆ ನಾನು ‘ಕಡಲು’ ಆದೆ.
ಹಾಜರಿ ಪುಸ್ತಕದಲ್ಲಿ ಮಾತ್ರ ಪ್ರೇಮಾನಂದ ಹರಿಕಂತ್ರ.

ಮೂವರಿಗೆ ಒಂದು ರೂಮು, ಒಂದು ಹೀಟರ್ ಕಾಯಿಲ್ಲು, ಒಂದು ಬಕೆಟ್ಟು.
ಬಕೆಟ್ಟಿನ ಹಿಡಿ ಮುರಿದದ್ದು ದಸರೆಗೆ ಮೊದಲು,
ಹೊಸದು ಯಾರು ಕೊಳ್ಳಬೇಕೆಂದು ಇನ್ನೂ ಇತ್ಯರ್ಥವಾಗಿಲ್ಲ.
ಹೊನ್ನಾಳಿಯ ನದೀಮ ಶನಿವಾರ ಊರಿಗೆ ಹೋಗಿ
ಸೋಮವಾರ ಇಸ್ತ್ರಿ ಮಾಡಿದ ಬಟ್ಟೆ ತರುತ್ತಾನೆ.
ಹಡಗಲಿಯ ಮೈಲಾರಪ್ಪನಿಗೆ ಹದಿನೈದು ದಿನಕ್ಕೊಮ್ಮೆ ರೊಟ್ಟಿಯ ಗಂಟು.
ನಾನು ಬೇಲೆಕೇರಿಗೆ ಹೋಗಬೇಕೆಂದರೆ
ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಬೇಕು, ಘಟ್ಟ ಇಳಿಯಬೇಕು.
ಹೋಗುವುದು ಬರುವುದರಲ್ಲೇ ರಜೆ ಮುಗಿಯುತ್ತದೆ,
ಇರುವುದಕ್ಕೆ ದಿನ ಉಳಿಯುವುದಿಲ್ಲ.

ಹಾಗಾಗಿ ನನ್ನ ಬಟ್ಟೆ ಇಲ್ಲೇ ಒಗೆದು ಇಲ್ಲೇ ಒಣಗುತ್ತದೆ.
ಟೆರೇಸಿನ ಹಗ್ಗದ ಮೇಲಿನ ಬಿಳಿ ಅಂಗಿಗೆ
ಸಂಜೆಯೊಳಗೆ ಚಿಮಣಿಯ ಮಸಿ ಬಂದು ಕೂತಿರುತ್ತದೆ.
ಕೊಡವಿದರೆ ಬಳಿಯುತ್ತದೆ, ಊದಬೇಕು.
ಇದನ್ನು ಕಲಿಸಿದ್ದು ಭಟ್ಟಿಯಲ್ಲಿ ಜರಡಿ ಹಿಡಿಯುವ ಖೈರುನ್‌ಬಿ.

ಮೊದಲ ಸಲ ಒಳಗೆ ಇಣುಕಿದಾಗ
ಬಾಣಲೆಯಲ್ಲಿ ಕಪ್ಪು ಮರಳು.
ಮರಳನ್ನು ಒಲೆಗೆ ಹಾಕುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.
‘ನಿಮ್ ಕಡಿಗೆ ಸಮುದ್ರ ಐತಂತಲ್ಲಪಾ,
ಎಷ್ಟೈತಿ?’ ಅಂದರು.
ಎಷ್ಟು ಅಂತ ಈವರೆಗೆ ಯಾರೂ ಕೇಳಿರಲಿಲ್ಲ.
ಕೈ ಅಗಲಿಸಿದೆ, ನನಗೇ ನಗು ಬಂತು, ಇಳಿಸಿದೆ.
ಬಿಸಿ ಮಂಡಕ್ಕಿ ಒಂದು ಬೊಗಸೆ ಸುರಿದರು.
ಹಲ್ಲಿಗೊಂದು ಮರಳ ಕಣ ಸಿಕ್ಕಿತು,
ಉಗುಳಲಿಲ್ಲ.

ರೈಲ್ವೆ ಗೇಟು ಬಿದ್ದ ದಿನ ಮೊದಲ ಪೀರಿಯಡ್ಡು ಹೋದಂತೆ.
ಗೂಡ್ಸಿನ ಡಬ್ಬಿ ಎಣಿಸುತ್ತಾ ನಿಲ್ಲುತ್ತೇನೆ,
ಐವತ್ತೆಂಟರವರೆಗೆ ಬಂದು ತಪ್ಪಿಹೋಗುತ್ತದೆ.

ಮೆಸ್ಸಿನಲ್ಲಿ ವಾರವಿಡೀ ಒಂದೇ ಸಾರು, ದಿನಕ್ಕೊಂದು ಹೆಸರು.
ರಾತ್ರಿ ಎಂಟಕ್ಕೆ ಆಯಿಯ ಫೋನು:
‘ಉಂಡ್ಯಾ? ಎಂತಾ ಸಾರು?’
ಒಂದು ದಿನ ಸುಮ್ಮನೆ ‘ಬಂಗಡೆ’ ಅಂದುಬಿಟ್ಟೆ.
ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ.
‘ಬಂಗಡೆ ಇಲ್ಲೇ ಇಲ್ಲ ಮಗಾ,
ಗಾಳಿಗೆ ದೋಣಿ ಇಳಿಯದೆ ಎಂಟು ದಿನ ಆಯ್ತು.’

ಮುಂದಿನ ವಾರ ಹುಬ್ಬಳ್ಳಿ ಬಸ್ಸಿನ ಡ್ರೈವರ್ ಕೈಯಲ್ಲಿ
ಹಾರ್ಲಿಕ್ಸ್ ಬಾಟಲಿ, ಒಣ ಸಿಗಡಿಯ ಚಟ್ನಿಪುಡಿ.
ಮೇಲೆ ಅವಳ ಅಕ್ಷರ: ‘ದಾವಣಗೆರೆ. ಒಡೆಯಬೇಡಿ.’
ಮುಚ್ಚಳ ತೆಗೆದ ರಾತ್ರಿ ಓನರು ಮೆಟ್ಟಿಲು ಹತ್ತಿ ಬಂದರು,
‘ಏನ್ರೋ ಇದು ವಾಸನಿ?’
ಮೂಗು ಹಿಡಿದು ಕೂತಿದ್ದ ಮೈಲಾರಪ್ಪ,
ಮೊಟ್ಟೆಯನ್ನೂ ಮುಟ್ಟದವನು,
‘ಭಟ್ಟಿದು ಸಾರ್, ಇವತ್ತು ಟೈರ್ ಹಾಕ್ಯಾರ’ ಅಂದ.

ಈಗ ಒಂದೂಕಾಲು. ನಾಳೆ ಡ್ರಾಯಿಂಗ್ ಶೀಟು ಕೊಡಬೇಕು.
ಬಿಂದು ಎ, ನೆಲದಿಂದ ಮೂವತ್ತು ಮಿಲಿಮೀಟರ್ ಮೇಲೆ,
ಗೋಡೆಯಿಂದ ನಲವತ್ತು ಮುಂದೆ. ಎಲ್ಲಿದೆ, ತೋರಿಸಿ.
ಹೋದ ಸಲ ಸವದತ್ತಿಮಠ ಮೇಡಂ ಶೀಟಿನ ಮೂಲೆಗೆ
ಪೆನ್ಸಿಲ್ ತುದಿ ಇಟ್ಟು ಕೇಳಿದ್ದರು:
‘ಇದ್ಯಾವ ಬಿಂದು? ಹೆಸರೇ ಇಟ್ಟಿಲ್ಲ.’
ಮಸಿ ಮೇಡಂ, ಅನ್ನಲು ನಾಲಿಗೆ ಏಳಲಿಲ್ಲ.
ಅರ್ಧ ಅಂಕ ಹೋಯಿತು.

ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಇದು:
ಇಗೋ, ಇಳಿಯಿತು ಇನ್ನೊಂದು,
ಎಕ್ಸ್ ವೈ ಗೆರೆಗಿಂತ ತುಸು ಮೇಲೆ.
ಊದಲು ಬಗ್ಗಿದವನು ಸ್ಕೇಲು ತೆಗೆದುಕೊಂಡೆ.
ಗೆರೆಯಿಂದ ಹದಿನೆಂಟು.
ಎಡ ಅಂಚಿನಿಂದ ಎಪ್ಪತ್ತೆರಡು.
ನಿದ್ದೆಯಲ್ಲೇ ನದೀಮ, ‘ಲೈಟ್ ಆರ್ಸೋ ಕಡಲು’ ಅಂದ.
ಇನ್ನೊಂದು ಸಲ ಅಳೆದು ನೋಡಿ
ಊದಿದೆ.